ಬಚ್ಚಲು ಕಲ್ಲಿನ ಬೆನ್ನು

ಶಿಷ್ಯ ಗುರುಮಲ್ಲ ಕೇಳಿದ: "ಗುರುಗಳೇ, ನಿನ್ನೆ ಸಭೆಯಲ್ಲಿ ನಾನು ಆಡಿದ ಮಾತನ್ನು ಎಲ್ಲರೂ ಮೆಚ್ಚಿದರು. ನನ್ನ ಎದೆ ಉಬ್ಬಿತು. ಹೆಮ್ಮೆ ಪಡುವುದು ತಪ್ಪೇ?"

"ಉಬ್ಬಿದ್ದು ನನಗೂ ಕಂಡಿತು. ಊಟದ ಪಂಕ್ತಿಯಲ್ಲಿ ನೀನು ಇಬ್ಬರ ಜಾಗ ಹಿಡಿದಿದ್ದೆ" ಎಂದರು ಗುರುಗಳು. "ತಪ್ಪೋ ಸರಿಯೋ ಆಮೇಲೆ ನೋಡೋಣ. ಒಬ್ಬ ಗಾಣಿಗನ ಕತೆ ಕೇಳು."

ಗುರುಗಳು ಹೇಳಿದ ಕತೆ ಇದು.

ಒಬ್ಬ ಗಾಣಿಗನಿದ್ದ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಬಾಣಂತನ ಹೇಗೆ ನಡೆದೀತು ಎಂದು ಬೀಗರು ಅನುಮಾನಪಟ್ಟಿದ್ದರು. ಆ ಮಾತು ಅವನಿಗೆ ಚುಚ್ಚಿತು. ತಾಯಿಯಿದ್ದ ಮನೆಯಲ್ಲೂ ಇಂಥ ಬಾಣಂತನ ಆಗಿಲ್ಲ ಎನ್ನಿಸಬೇಕು ಎಂದು ಅವನು ಹಟ ತೊಟ್ಟ.

ಅವನ ಬಚ್ಚಲಿನ ಹಳೆಯ ಹಾಸುಗಲ್ಲುಗಳು ಮೇಲೆ ಕೆಳಗಾಗಿ, ನೀರು ನಿಲ್ಲುತ್ತಿತ್ತು. ಅವನ್ನೆಲ್ಲ ಕಿತ್ತು, ಮೂರು ಮೊಳ ಉದ್ದ ಮೂರು ಮೊಳ ಅಗಲದ ಒಂದೇ ಚಪ್ಪಡಿ ತರಿಸಿದ. ಎಂಟು ಜನ ಹೊತ್ತರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಕೊಟ್ಟು, ಮೋರಿಯ ಕಡೆಗೆ ತುಸು ಇಳಿಜಾರು ಬಿಟ್ಟು, ಅದನ್ನು ಕೂರಿಸಿದ. ಅಂಚಿಗೆ ಗಾರೆ ಬಳಿದ. ಒಂದು ಕೊಡ ನೀರು ಸುರಿದರೆ ಒಂದು ಹನಿಯೂ ನಿಲ್ಲದೆ ಹರಿದುಹೋಯಿತು. ಊರಿನವರು ಬಂದು ನೋಡಿ ಹೊಗಳಿದರು. ಗಾಣಿಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಗಳು ಹೆಣ್ಣು ಮಗುವನ್ನು ಹೆತ್ತಳು. ಕೂಸಿಗೆ ನೀರೆರೆಯಲು ಮುದುಕಿ ಸೂಲಗಿತ್ತಿ ಬಂದಳು. ಊರಿನ ಅರ್ಧ ಜನ ಅವಳ ಚಾಚಿದ ಕಾಲುಗಳ ಮೇಲೆ ಮಲಗಿ ಮೊದಲ ನೀರು ಹಾಕಿಸಿಕೊಂಡವರು. ಅವಳು ಚಪ್ಪಡಿಯನ್ನು ತಂಬಿಗೆಯಿಂದ ತಟ್ಟಿದಳು. ಅಂಚಿನಲ್ಲಿ ಗಟ್ಟಿ ಸದ್ದು ಬಂತು. ನಡುವೆ ಪೊಳ್ಳು ಸದ್ದು ಬಂತು.

"ನಾ ಇಲ್ಲಿ ಕೂರಲ್ಲ ಕಣಪ್ಪ. ನಡುವೆ ಕೆಳಗೇನೂ ಇಲ್ಲ. ಹಂಡೆಗಟ್ಲೆ ಬಿಸಿನೀರು ಬಿದ್ದು ಕಲ್ಲು ಬಿರಿದ್ರೆ ಕೂಸಿನ ಗತಿ ಏನು?"

"ಎಂಟಾಳು ಹೊತ್ತ ಕಲ್ಲು ಕಣಜ್ಜಿ. ಆನೆ ನಿಂತ್ರೂ ಅಲುಗಲ್ಲ."

"ಆನೆ ಯಾಕ್ ಬತ್ತದೆ ನಿನ್ ಬಚ್ಚಲಿಗೆ? ಬರೋದು ನಿನ್ ಮೊಮ್ಮಗಳು."

ಅವಳು ಕೂಸನ್ನು ಹಿತ್ತಿಲಿಗೆ ಒಯ್ದು ಮರದ ಹಲಗೆಯ ಮೇಲೆ ಕುಳಿತು ನೀರೆರೆದಳು.

ಗಾಣಿಗನಿಗೆ ಅವಮಾನವಾಯಿತು. ಮಧ್ಯಾಹ್ನದವರೆಗೆ ಮುಖ ಗಂಟಿಕ್ಕಿಕೊಂಡು ಕುಳಿತ. ಆಮೇಲೆ ಎದ್ದು ಹೋಗಿ ತಾನೇ ತಟ್ಟಿ ನೋಡಿದ. ಅದೇ ಸದ್ದು. ಕೇಳಿದ ಮೇಲೆ ಕೇಳಿಸಲಿಲ್ಲ ಎನ್ನುವುದು ಅವನಿಂದಾಗಲಿಲ್ಲ. ಮರುದಿನ ಅದೇ ಎಂಟು ಜನರನ್ನು ಕರೆಸಿದ.

ಅವರು ಹಾರೆ ಹಾಕಿ ಚಪ್ಪಡಿಯನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲೂ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಮುದುಕಿಯ ಮಾತು ಕಟ್ಟಿಕೊಂಡು ನಮ್ಮ ಸೊಂಟ ಮುರಿಯುತ್ತಿದ್ದಾನೆ ಎಂದು ಗೊಣಗಿದರು. ಗಾಣಿಗ ಕೆಳಗಿನ ಪೊಳ್ಳಿಗೆ ಜಲ್ಲಿ ಸುರಿದು ಬಡಿದು ಗಟ್ಟಿಮಾಡಿದ. ಅದರ ಮೇಲೆ ಸುಣ್ಣದ ಗಾರೆಯನ್ನು ದಪ್ಪಗೆ ಹಾಸಿ ಚಪ್ಪಡಿಯನ್ನು ಇಳಿಸಿದ. ಇಳಿಸಿದ ಕೂಡಲೇ ಮತ್ತೆ ಎತ್ತಿಸಿದ. ಗಾರೆ ಅಂಟಿದ ಕಡೆ ಕಲ್ಲಿನ ತಳ ಬೆಳ್ಳಗಿತ್ತು, ಅಂಟದ ಕಡೆ ಕಪ್ಪಾಗಿತ್ತು. ಕಪ್ಪಿದ್ದ ಕಡೆಗೆ ಇನ್ನಷ್ಟು ಗಾರೆ ತುಂಬಿ ಇಳಿಸಿದ. ಮತ್ತೆ ಎತ್ತಿಸಿದ. ಎಂಟು ಜನರೂ ಅವನ ಮುಖದೆದುರಿಗೇ ಬೈದರು. ಮೂರನೆಯ ಸಲ ಎತ್ತಿದಾಗ ಕಲ್ಲಿನ ಬೆನ್ನು ಅಂಚಿನಿಂದ ಅಂಚಿನವರೆಗೆ ಬೆಳ್ಳಗಿತ್ತು.

ಗಾಣಿಗ ಅದನ್ನು ನೋಡುತ್ತ ನಿಂತ. ಊರೆಲ್ಲ ಹೊಗಳಿದ ದಿನ ಆಗದಷ್ಟು ಹೆಮ್ಮೆ ಅವನಿಗೆ ಆಗ ಆಯಿತು. ಬೈಯುತ್ತಿದ್ದವರೂ ಬಗ್ಗಿ ನೋಡಿದರು. ಅವರ ಪೈಕಿ ಹಿರಿಯನು, ಇನ್ನು ಇಳಿಸೋಣವೇ ಎಂದು ಅಪ್ಪಣೆ ಕೇಳುವವನಂತೆ ಕೇಳಿದ. ಕಲ್ಲು ಕೆಳಗಿಳಿಯಿತು. ಆ ಬೆನ್ನನ್ನು ಮತ್ತೆ ಯಾರೂ ಕಾಣಲಿಲ್ಲ.

ಗಾರೆ ಗಟ್ಟಿಯಾಗುವ ತನಕ ಅವನು ಯಾರನ್ನೂ ಬಚ್ಚಲಿಗೆ ಬಿಡಲಿಲ್ಲ. ಆಮೇಲೆ ಸೂಲಗಿತ್ತಿ ಬಂದಳು. ತಟ್ಟಿದಳು. ನಡುವೆಯೂ ಗಟ್ಟಿ ಸದ್ದು ಬಂತು. ನಡುಮಧ್ಯದಲ್ಲೇ ಕುಳಿತು, ಕಾಲು ಚಾಚಿ, ಕೂಸನ್ನು ಎತ್ತಿಕೊಳ್ಳಲು ಕೈ ನೀಡಿದಳು. ಬಾಗಿಲ ಹೊರಗೆ ನಿಂತಿದ್ದ ಗಾಣಿಗನಿಗೆ ನೀರು ಬೀಳುವ ಸದ್ದೂ ಮೊಮ್ಮಗಳು ಅಳುವ ಸದ್ದೂ ಕೇಳಿಸಿತು. ಅವನ ಕಣ್ಣು ತುಂಬಿತು. ಮತ್ತೆ ನೋಡಲು ಬಂದವರು, ಕಲ್ಲು ಮೊದಲಿನ ಹಾಗೇ ಇದೆಯಲ್ಲ ಎಂದರು. ಹೌದು ಎಂದು ಅವನು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ.

ಕತೆ ಮುಗಿಯಿತು. ಗುರುಮಲ್ಲನ ಮುಖ ಅರಳಿತು. "ಹಾಗಾದರೆ ಹೆಮ್ಮೆ ಪಡಬಹುದು ಅಂತಾಯಿತು" ಎಂದ.

"ಧಾರಾಳವಾಗಿ ಪಡು" ಎಂದರು ಗುರುಗಳು. "ನಿನ್ನೆ ನೀನು ಆಡಿದ ಮಾತನ್ನು ನಂಬಿ ಯಾವ ತಾಯಿ ಅದರ ಮೇಲೆ ತನ್ನ ಕೂಸನ್ನು ಮಲಗಿಸಿಯಾಳು, ಅದೊಂದು ಹೇಳು."