ತನಗೆ ತಾನೇ ಸಾಕ್ಷಿಯಾದ ಸೇರು

ಅಂಗಡಿಯ ಸೇರು ಅಕ್ಕಿ ಕದಿಯುತ್ತಿತ್ತು, ಸಾಲಿನಲ್ಲಿ ನಿಂತ ಚೀಲಗಳು ಅದಕ್ಕೆ ತಲೆಯಾಡಿಸುತ್ತಿದ್ದವು. ತಿಂಗಳ ಅಕ್ಕಿ ಇಪ್ಪತ್ತನೇ ದಿನಕ್ಕೇ ಮುಗಿದು, ಮನೆಮಂದಿಯೆಲ್ಲ ಬರಿ ಗಂಜಿನೀರು ಕುಡಿದು ಏಳುವುದನ್ನು ಕಂಡು ಅನ್ನದ ಗಡಿಗೆಗೆ ಹೊಟ್ಟೆ ಉರಿಯಿತು. ಅದು ನೇರ ಅಂಗಡಿಗೆ ಬಂದು, "ಲೇ ಸೇರೇ, ನಿನ್ನ ಅಳತೆ ಕಡಿಮೆ," ಎಂದಿತು.

"ಅನುಮಾನ ಬಂದರೆ ಮತ್ತೆ ಅಳೆಯುವುದು ಇಲ್ಲಿಯ ಪದ್ಧತಿ, ಗಡಿಗೆಯಮ್ಮ," ಎಂದ ಸೇರು ಆಗಷ್ಟೇ ಹತ್ತು ಸೇರೆಂದು ಅಳೆದಿಟ್ಟಿದ್ದ ಅಕ್ಕಿಯನ್ನು ತಾನೇ ಇನ್ನೊಮ್ಮೆ ಅಳೆಯಿತು. "ಹತ್ತಕ್ಕೆ ಹತ್ತು. ನಾನು ಸರಿ ಇದ್ದೇನೆ."

"ಸರಿ ಇದೆ, ಸರಿ ಇದೆ," ಎಂದವು ಚೀಲಗಳು.

"ಅಕ್ಕಿ ಹತ್ತು ಸೇರು ಅನ್ನುವುದಕ್ಕೆ ನೀನು ಸಾಕ್ಷಿ. ನೀನು ಸರಿ ಅನ್ನುವುದಕ್ಕೆ ಆ ಹತ್ತು ಸಾಕ್ಷಿ. ಕಳ್ಳ ತನಗೆ ತಾನೇ ಜಾಮೀನು ನಿಂತ ಹಾಗಾಯಿತು," ಎಂದ ಗಡಿಗೆ ಮೂರು ಬೇರೆ ಬೇರೆ ಊರುಗಳಿಂದ ಮೂರು ಸೇರುಗಳನ್ನು ಕರೆತಂದಿತು. ಮೂರೂ ಅದೇ ಅಕ್ಕಿಯನ್ನು ಅಳೆದು, ಎಂಟೇ ಸೇರು ಎಂದವು.

"ಅವು ಸರಿ ಅಂತ ಯಾರು ಹೇಳಿದರು?" ಸೇರು ಗುರುಗುಟ್ಟಿತು.

"ಯಾರೂ ಹೇಳಿಲ್ಲ. ಆದರೆ ಒಂದರ ಮುಖ ಒಂದು ನೋಡದ ಈ ಮೂರು, ಒಂದೇ ಸುಳ್ಳು ಹೇಳೋಣ ಎಂದು ಯಾವಾಗ ಕೂತು ಮಾತಾಡಿಕೊಂಡವು? ಅದಿರಲಿ, ನಿನ್ನ ಹೊಟ್ಟೆ ತೋರಿಸು."

ಸೇರು ಹಿಂದೆ ಸರಿಯಿತು. ಈ ಸಲ ಚೀಲಗಳೇ ಮುನ್ನುಗ್ಗಿ ಅದನ್ನು ಬೋರಲು ಹಾಕಿ ಬಡಿದವು. ತಳದಿಂದ ಎರಡು ಬೆರಳು ದಪ್ಪದ ಅರಗಿನ ಬಿಲ್ಲೆ ಉದುರಿತು.

ಓದಿದವರೇ, ಕಥೆಗೆ ಖುಷಿಪಟ್ಟದ್ದು ಸಾಕು. ನಾಳೆ ನಿಮ್ಮ ಮನೆಯ ಸೇರು ಹಿಡಿದು ಅಂಗಡಿಗೆ ಹೋಗಿ, ಕೊಂಡ ಅಕ್ಕಿಯನ್ನು ಎಲ್ಲರೆದುರು ಅಳೆಯಿರಿ.