ಮುಳ್ಳು ಹಸಿರಿನಲ್ಲಿತ್ತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿಯ ಗುರು ನಿಜಗುಣವ್ವ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ಎಲ್ಲರಿಗೂ ಅವರು ಅವ್ವಾರು.

ಶಿಷ್ಯೆಯ ಹೆಸರು ಸುಗಲಾ. ನಲವತ್ತು ದಾಟಿದ ಹೆಣ್ಣುಮಗಳು, ಬಲು ಚುರುಕು. ಬೀಗದ ಕೈ, ಅಕ್ಕಿ-ಬೇಳೆ, ಬಂದವರು-ಹೋದವರು, ಎಲ್ಲ ಅವಳದೇ ಉಸ್ತುವಾರಿ. ಆಶ್ರಮದಲ್ಲಿ ಒಂದು ಕಡ್ಡಿ ಅಲುಗಿದರೂ ಅವಳಿಗೆ ಗೊತ್ತಾಗಬೇಕು.

ಉಗ್ರಾಣದಲ್ಲಿ ಅವಳು ಎರಡು ಡಬ್ಬಿ ಇಟ್ಟಿದ್ದಳು. ಒಂದು ನಡೆಯುವ ಸೆಲ್ಲುಗಳಿಗೆ, ಇನ್ನೊಂದು ಎಸೆಯುವ ಸೆಲ್ಲುಗಳಿಗೆ. ಟಾರ್ಚಿನವು, ಗಡಿಯಾರದವು, ರೇಡಿಯೋದವು, ಹಳೆಯದಾದದ್ದೆಲ್ಲ ಅವಳ ಕೈಗೇ ಬರಬೇಕು. ಅಲ್ಕಲೈನ್ ಸೆಲ್ಲು ತುಟ್ಟಿ ನೋಡಿ, ಜೀವ ಇದ್ದದ್ದನ್ನು ಎಸೆಯಲು ಅವಳಿಗೆ ಮನಸ್ಸಿಲ್ಲ.

ಅದಕ್ಕೇ ಪೇಟೆಯಿಂದ ಒಂದು ಪುಟ್ಟ ಮೀಟರು ತಂದಿದ್ದಳು. ಸೆಲ್ಲಿನ ಎರಡೂ ತುದಿಗೆ ತಂತಿ ಮುಟ್ಟಿಸಿದರೆ ಮೀಟರಿನ ಮುಳ್ಳು ಏಳುತ್ತಿತ್ತು. ಹಸಿರು ಪಟ್ಟಿಗೆ ಬಂದರೆ ಈ ಡಬ್ಬಿ, ಕೆಂಪಿನಲ್ಲೇ ನಿಂತರೆ ಆ ಡಬ್ಬಿ. ಆ ಮೀಟರನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ, ಬಿಡಿ.

ಒಂದು ನಸುಕಿನಲ್ಲಿ ಇಬ್ಬರೂ ಸ್ನಾನಕ್ಕೆ ಹೊಳೆಗೆ ಇಳಿಯುತ್ತಿದ್ದರು. ಸುಗಲಾಳ ಕೈಯಲ್ಲಿ ಒಂಟಿ ಸೆಲ್ಲಿನ ಸಣ್ಣ ಟಾರ್ಚು. ಅರ್ಧದಷ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಮಂಕಾಯಿತು, ಆಮೇಲೆ ಆರಿಯೇ ಹೋಯಿತು. ಅವ್ವಾರ ಕಾಲ್ಬೆರಳು ಕಲ್ಲಿಗೆ ಬಡಿಯಿತು.

“ಅಯ್ಯ ಶಿವನ! ನಿನ್ನೆನ ಅಳದು ಹಾಕೀನ್ರಿ ಅವ್ವಾರ. ಮುಳ್ಳು ಹಸಿರಿನ್ಯಾಗ ಇತ್ರಿ. ಖರೇನ ಹೇಳ್ತೀನಿ.”

“ಸುಳ್ಳು ಹೇಳ್ತೀ ಅಂತ ಯಾರಂದ್ರವಾ? ಬೆಳಕಾಗಲಿ, ನೋಡೂಣು.”

ಬೆಳಕಾಯಿತು. ಅವ್ವಾರು ಕಟ್ಟೆಯ ಮೇಲೆ ಕುಳಿತು, ಬೆರಳಿಗೆ ಅರಿಷಿಣ ಹಚ್ಚಿಸಿಕೊಂಡು, “ಹೂಂ, ತಾ ನಿನ್ನ ಮೀಟರು” ಎಂದರು.

ಸುಗಲಾ ಟಾರ್ಚಿನಿಂದ ಸೆಲ್ಲು ತೆಗೆದು ತಂತಿ ಮುಟ್ಟಿಸಿದಳು. ಮುಳ್ಳು ಸರಕ್ಕನೆ ಎದ್ದು ಹಸಿರಿನಲ್ಲಿ ನಿಂತಿತು.

“ನೋಡ್ರಿ ಮತ್ತ!”

“ಈ ಸೆಲ್ಲು ಈಗ ಏನು ಕೆಲಸ ಮಾಡಾಕತ್ತೈತಿ?”

“ಏನೂ ಇಲ್ರಿ. ಸುಮ್ಮ ಕುಂತೈತಿ.”

“ಸುಮ್ಮ ಕುಂತಾಗ ಕೇಳಿದ್ರ ಏನು ಗೊತ್ತಾಗ್ತೈತಿ? ಬಲ್ಬು ಹಚ್ಚಿ ಕೇಳು.”

ಸುಗಲಾ ಟಾರ್ಚಿನ ಬಲ್ಬನ್ನು ಎರಡು ತಂತಿಯಿಂದ ಸೆಲ್ಲಿಗೆ ಜೋಡಿಸಿದಳು. ಬಲ್ಬು ಮಿಣುಕಿತು. ಅದು ಉರಿಯುತ್ತಿರುವಾಗಲೇ ಮೀಟರು ಹಿಡಿದಳು. ಮುಳ್ಳು ಹಸಿರಿನಿಂದ ಜಾರಿ, ಕೆಂಪಿನ ತಳಕ್ಕೆ ಕುಸಿಯಿತು. ಬಲ್ಬು ಬಿಚ್ಚಿದಳು. ಮುಳ್ಳು ಮೆಲ್ಲಗೆ ಮತ್ತೆ ಮೇಲೆ ಹತ್ತಿತು.

ಸುಗಲಾಳಿಗೆ ಸಿಟ್ಟೇ ಬಂತು. “ಎಂಥಾ ಕಳ್ಳ ಸೆಲ್ಲರಿ ಇದು!”

“ಕಳ್ಳ ಅಲ್ಲವಾ. ಅದರ ಮ್ಯಾಲೆ ಭಾರ ಇದ್ದಿದ್ದಿಲ್ಲ. ಅಷ್ಟ.”

ಆ ಬೆಳಿಗ್ಗೆಯೇ ಸುಗಲಾ ನಡೆಯುವ ಡಬ್ಬಿಯನ್ನೇ ನೆಲಕ್ಕೆ ಸುರುವಿಕೊಂಡು ಕುಳಿತಳು. ಬಲ್ಬು ಹಚ್ಚಿ ಹಚ್ಚಿ ಅಳೆದಳು. ಎಷ್ಟೋ ಸೆಲ್ಲು ಎಸೆಯುವ ಡಬ್ಬಿಗೆ ಹೋದವು. ಕೆಲಸ ಮುಗಿದಾಗ ಅವಳ ಮುಖ ನೋಡಬೇಕಿತ್ತು, ಅಷ್ಟು ಸಮಾಧಾನ.

“ಎಸಿಯಾಕ ಭಾಳ ಖುಷಿ ನಿನಗ” ಎಂದು ಅವ್ವಾರು ನಕ್ಕರು.

ಅದೇ ದಿನ ಹತ್ತು ಗಂಟೆಯ ಬಸ್ಸಿಗೆ ಹೂವಕ್ಕ ಬಂದಳು. ಪಕ್ಕದ ಊರಿನವಳು, ಐವತ್ತರ ಆಚೀಚೆ. ಆಕೆ ಮತ್ತು ತಂಗಿ ಗಂಗಾ ಇಬ್ಬರೇ ಒಂದು ಮನೆಯಲ್ಲಿ ಬದುಕಿದವರು. ಗಂಗಾ ಬಹಳ ದಿನ ಹಾಸಿಗೆ ಹಿಡಿದು, ಹೋದ ತಿಂಗಳು ತೀರಿಕೊಂಡಿದ್ದಳು.

ಆಶ್ರಮದಲ್ಲಿ ಬಂದವರಿಗೆ ಇದ್ದದ್ದು ಒಂದೇ ಖೋಲಿ. ಕಷ್ಟದಲ್ಲಿದ್ದವರು ಅಲ್ಲಿ ಉಳಿಯಬಹುದು, ಬೇರೆಯವರು ಉಂಡು ಹೋಗಬೇಕು. ಯಾರು ಉಳಿಯಬೇಕು, ಯಾರು ಹೋಗಬೇಕು ಅನ್ನುವುದೂ ಸುಗಲಾಳ ಉಸ್ತುವಾರಿಯೇ.

ಅವಳು ಚಾಪೆ ಹಾಸಿ, ನೀರು-ಬೆಲ್ಲ ಕೊಟ್ಟು ಕೇಳಿದಳು. “ಗಂಗವ್ವ ಹೋದ ಸುದ್ದಿ ಗೊತ್ತಾತ್ರಿ. ಹೆಂಗದೀರಿ ಹೂವಕ್ಕ?”

“ಆರಾಮ ಅದೀನ್ರಿ,” ಹೂವಕ್ಕ ನಕ್ಕಳು. “ಭಾಳ ನರಳಿದ್ಲು. ಪಾರಾದ್ಲು ಬಿಡ್ರಿ.”

ಕಣ್ಣಲ್ಲಿ ಒಂದು ಹನಿ ಇಲ್ಲ. ದನಿ ನಡುಗಲಿಲ್ಲ. ಸುಗಲಾ ನೆಟ್ಟಗೆ ಅವ್ವಾರ ಹತ್ತಿರ ಬಂದಳು.

“ಹೂವಕ್ಕ ಗಟ್ಟಿ ಅದಾರ್ರಿ. ಊಟ ಮಾಡಿಸಿ ಸಂಜಿ ಬಸ್ಸಿಗೆ ಕಳಸ್ತೀನಿ. ಖೋಲಿ ಇನ್ಯಾರಿಗರೆ ಬೇಕಾದೀತು.”

“ಗಟ್ಟಿ ಅದಾಳ ಅಂತ ಹೆಂಗ ಗೊತ್ತಾತು?”

“ಕೇಳಿದೆ. ಆರಾಮ ಅಂದ್ರು.”

“ಕುಂದ್ರಿಸಿ ಕೇಳಿದಿ?”

“ಹೂಂರಿ. ಚಾಪಿ ಹಾಸಿ, ಬೆಲ್ಲ ಕೊಟ್ಟು, ಕುಂದ್ರಿಸೇ ಕೇಳೀನಿ. ನಿಲ್ಲಿಸಿ ಕೇಳ್ತಾರೇನ್ರಿ ಯಾರರೆ?”

ಅವ್ವಾರು ಕಿಟಕಿಯಿಂದ ಹೊರಗೆ ನೋಡಿದರು. ಹೂವಕ್ಕನ ಪಕ್ಕದಲ್ಲಿ ಒಂದು ಕೈಚೀಲ. ಅದರ ಬಾಯಲ್ಲಿ ಮಡಿಚಿಟ್ಟ ಸೀರೆ ಕಾಣುತ್ತಿತ್ತು. ಒಂದು ಹೊತ್ತಿನ ಊಟಕ್ಕೆ ಬಂದವರು ಸೀರೆ ತರುತ್ತಾರೆಯೇ? ಆ ಖಾಲಿ ಮನೆಗೆ ಸಂಜೆ ವಾಪಸ್ಸು ಹೋಗಲು ಅವಳಿಗೆ ಆಗುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ, ಪಾಪ.

ಅವ್ವಾರು ಕುಂಟುತ್ತ ಎದ್ದು ಹೋದರು.

“ಹೂವಾ, ನಮ್ಮ ಸುಗಲಾ ರೊಟ್ಟಿ ಬಡಿದ್ರ ಮೂಲಿ ಮೂಲಿಗೆ ಹರಿದಿರ್ತಾವ. ಇವತ್ತೊಂದಿನ ನೀ ಬಡದು ಕೊಡ್ತೀಯೇನವಾ?”

“ಅದಕ್ಕೇನ್ರಿ ಅವ್ವಾರ,” ಅಂದವಳೇ ಹೂವಕ್ಕ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು.

ಸುಗಲಾಳಿಗೆ ಅವಮಾನವೆನಿಸಿತು. ಬಾಗಿಲ ಹತ್ತಿರ ನಿಂತು ಪಿಸುಗುಟ್ಟಿದಳು. “ಏನ್ರಿ ಅವ್ವಾರ ಇದು! ನನ್ನ ರೊಟ್ಟಿ ಹಂಗ ಅದಾವೇನು? ಮತ್ತ ದುಃಖದ ಮನಿಯಿಂದ ಬಂದಾಕಿಗೆ ಕೆಲಸ ಹಚ್ಚತಾರೇನ್ರಿ?”

“ಆರಾಮ ಅದಾಳ ಅಂದೆಲ್ಲ?”

ಸುಗಲಾ ಬಾಗಿಲಿಂದ ಒಳಗೆ ಇಣುಕಿದಳು.

ಒಳಗೆ ಹೂವಕ್ಕ ಹಿಟ್ಟು ನಾದಿದಳು. ಉಂಡೆ ಮಾಡಿದಳು. ಪಟಪಟ ಬಡಿಯತೊಡಗಿದಳು. ಎಂಥ ಕೈ ಅದು! ರೊಟ್ಟಿ ಅವಳ ಅಂಗೈ ಕೆಳಗೆ ತಾನಾಗಿಯೇ ತಿರುಗುತ್ತ ದುಂಡಗೆ ಹರಡಿತು. ಒಲೆಯ ಮೇಲೆ ಹಂಚು ಕಾಯ್ದಿತ್ತು.

ಹೂವಕ್ಕ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡಳು. ತಲೆ ಎತ್ತದೆ, ತಿರುಗಿ ನೋಡದೆ, ಒಲೆಯ ಕಡೆಗೆ ಕೈ ಚಾಚಿದಳು.

“ಹಿಡಿ ಗಂಗಾ.”

ಆ ಮನೆಯಲ್ಲಿ ಅಕ್ಕ ಬಡಿದದ್ದನ್ನು ತಂಗಿ ಬೇಯಿಸುತ್ತಿದ್ದಳು. ಹುಡುಗಿಯರಾಗಿದ್ದಾಗಿನಿಂದ ಹಾಗೇ ನಡೆದಿತ್ತು.

ಒಲೆಯ ಮುಂದೆ ಯಾರೂ ಇರಲಿಲ್ಲ.

ಹೂವಕ್ಕ ಚಾಚಿದ ಕೈ ಚಾಚಿದಂತೇ ಇತ್ತು. ಒಂದು ತಿಂಗಳಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಬಾಗಿಲಲ್ಲಿದ್ದ ಸುಗಲಾ ಅವ್ವಾರ ಕಡೆ ತಿರುಗಿದಳು.

“ಅವ್ವಾರ, ಎಂಥಾ ಕೆಲಸ ಮಾಡಿದ್ರಿ! ನಗ್ತಾ ಇದ್ದಾಕಿನ್ನ ಅಳಿಸಿಬಿಟ್ರಲ್ಲ!”

ಅವ್ವಾರು ಅವಳ ಮುಖ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಸುಗಲಾಳಿಗೆ ಆಗ ತಿಳಿಯಿತು. ಬೆಲ್ಲ ಕೊಟ್ಟು, ಕುಂದ್ರಿಸಿ, ಒಂದು ಮಾತು ಕೇಳಿ, ಈ ಜೀವವನ್ನು ತಾನು ಸಂಜೆ ಬಸ್ಸಿಗೆ ಹತ್ತಿಸುವವಳಿದ್ದಳು. ಅವಳಿಗೆ ನಾಚಿಕೆಯಾಯಿತು. ಸೊಂಟದಲ್ಲಿದ್ದ ಬೀಗದ ಕೈ ಗೊಂಚಲಿಗೆ ಕೈ ಹಾಕಿದಳು.

“ಖೋಲಿ ತಗೀತೀನ್ರಿ. ಹೂವಕ್ಕನ್ನ ಅಲ್ಲೇ ಮಲಗಿಸ್ತೀನಿ. ಎಷ್ಟು ದಿನ ಬೇಕಾದ್ರೂ ಇರಲಿ. ಅಷ್ಟ ಮಾಡಿದ್ರ ಸಾಕಲ್ರಿ?”

“ಮತ್ತ ಡಬ್ಬಿ ಬದಲಿ ಮಾಡಾಕ ಹೊಂಟಿಯೇನು?”

ಸುಗಲಾಳ ಕಣ್ಣಲ್ಲಿ ನೀರು ಬಂತು. “ಹಂಗಾರ ಏನು ಮಾಡ್ಲಿರಿ ಅವ್ವಾರ? ನನಗ ತಿಳಿಯಾಂಗಿಲ್ಲ.”

ಅವ್ವಾರು ಅವಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒಳಗೆ ದೂಡಿದರು.

“ಆಕಿ ಕೈಯಾಗ ರೊಟ್ಟಿ ಇನ್ನೂ ಹಂಗ ಐತಿ ನೋಡು. ಹೋಗಿ ಹಿಡಿ.”