ಬಾತಜ್ಜಿ ತೋರಿಸಿದ ಬಾಲ

ಅವತ್ತು ಕೆರೆಯ ಹಕ್ಕಿಗಳು ಯಜಮಾನನನ್ನು ಆರಿಸುವ ದಿನ. ಯಾರ ಕೊಂಬೆಯಲ್ಲಿ ಹೆಚ್ಚು ಹಕ್ಕಿ ಕೂರುತ್ತವೋ ಅವರದೇ ಕೆರೆ. ಕಣದಲ್ಲಿ ನಿಂತಿದ್ದವರು ಬೆಳ್ಳಕ್ಕಿ ಮತ್ತು ಕಾಗೆ. ಬೆಳ್ಳಕ್ಕಿ ಮೀನು ಕದ್ದರೆ, ಸುದ್ದಿ ಸಾರುವ ಗೊರವಂಕ “ಒಂದು ಮೀನು ಕಾಣೆ” ಅನ್ನುವುದು. ಯಾವುದೋ ಕಾಗೆ ಮೊಟ್ಟೆ ಕದ್ದರೆ “ಕಾಗೆ ಜಾತಿಯೇ ಕಳ್ಳ ಜಾತಿ” ಅಂತ ಮೂರು ದಿನ ಕೂಗುವುದು.

ಅವತ್ತೂ ಕೂಗಿತು: “ಬಾತಜ್ಜಿಯ ಮೊಟ್ಟೆ ಕದ್ದವರಿಗೆ ಕೆರೆ ಕೊಡುತ್ತೀರಾ?”

“ಮೊಟ್ಟೆ ನಂದು ಕಣೋ, ಕಿರುಚಾಟ ಯಾಕೆ ನಿಂದು?” ಎಂದಳು ಮುದಿ ಬಾತುಕೋಳಿ ಬಾತಜ್ಜಿ. “ಕದ್ದವನ ಬಾಲದ ಗರಿ ಮುರಿದಿತ್ತು. ಇವನ ಬಾಲ ನೋಡ್ರಪ್ಪ.”

ಹಕ್ಕಿಗಳು ಬಗ್ಗಿ ನೋಡಿದವು. ಗರಿಗಳೆಲ್ಲ ನೆಟ್ಟಗಿದ್ದವು. ಒಂದೊಂದೇ ಹಾರಿ ಬಂದು ಕೂತವು; ಕೊನೆಗೆ ಹೆಚ್ಚು ಜಗ್ಗಿದ್ದು ಕಾಗೆಯ ಕೊಂಬೆಯೇ.

ಕಾಗೆ ಬಾತಜ್ಜಿಯ ಕಡೆ ತಿರುಗಿತು. “ಅಜ್ಜೀ, ಇವರೆಲ್ಲ ನನ್ನನ್ನು ನೋಡಿದ್ದು ಇವತ್ತೇ ಮೊದಲು.”